ಮೂಗಿಗಾಗಿ ಒಂದು ಬಾಟಲಿ ಟ್ರಫಲ್ ಎಣ್ಣೆ

ಐರ್ಲೆಂಡಿಗೆ ಹೋಗಿ ಬಂದೆ ಎಂದ ಕೂಡಲೇ ಜನ ಅಲ್ಲಿನ ಕಡಲ ಬಂಡೆಗಳ ಬಗ್ಗೆ ಕೇಳುತ್ತಾರೆ. ನಾನು ನೋಡಲಿಲ್ಲ. ಕೋಟೆಗಳನ್ನಾದರೂ ನೋಡಿದಿರಾ ಎನ್ನುತ್ತಾರೆ. ಅದನ್ನೂ ನೋಡಲಿಲ್ಲ. ಕುರಿಗಳನ್ನು ಮಾತ್ರ ನೋಡಿದೆ, ಟೀವಿಯಲ್ಲಿ. ಡಬ್ಲಿನ್ನಿನ ಅಂಚಿನ ಕ್ಯಾಸಲ್‌ನಾಕ್‌ನಲ್ಲಿರುವ ತಂಗಿಯ ಮನೆಗೆ ಎರಡು ತಿಂಗಳಿಗೆಂದು ಹೋದವಳು ನಾನು. ಹೋಗಿ ಸೂಟ್‌ಕೇಸು ಬಿಚ್ಚಿ ಸುಧಾರಿಸಿಕೊಳ್ಳುವಷ್ಟರಲ್ಲಿ ಕೊರೋನಾ ಬಂತು, ವಿಮಾನಗಳು ನಿಂತವು, ಮನೆಯಿಂದ ಎರಡು ಕಿಲೋಮೀಟರ್ ಆಚೆ ಕಾಲಿಡಬಾರದೆಂದು ಸರ್ಕಾರ ಹೇಳಿತು. ಹಾಗಾಗಿ ನನ್ನ ಪ್ರವಾಸದ ನಿಲ್ದಾಣಗಳೆಂದರೆ ಒಂದು ಮಹಡಿಯ ಕೋಣೆ, ಒಂದು ಅಡುಗೆಮನೆ, ಒಂದು ಹಿತ್ತಿಲ ಗೋಡೆ, ಒಂದು ಅಂಗಡಿಯ ಸಾಲು. ಇಷ್ಟರೊಳಗೇ ನಾನು ನನ್ನ ಮೂಗನ್ನು ಕಳೆದುಕೊಂಡೆ. ಅದನ್ನು ಬಿಟ್ಟು ಊರಿಗೆ ಮರಳುವುದಿಲ್ಲ ಎಂದು ಹಟ ಹಿಡಿದೆ. ಈ ಕಥನ ಅದರದ್ದೇ.

ಮಹಡಿಯ ಕೋಣೆ

ನನ್ನ ಕಸುಬನ್ನು ಮೊದಲು ಹೇಳಬೇಕು. ಕಾರ್ಕಳದಲ್ಲಿ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಸಾರಿನ ಹುಡಿ, ಸಾಂಬಾರಿನ ಹುಡಿ, ಚಟ್ನಿಹುಡಿ ಮಾಡಿ ಮಾರುತ್ತೇನೆ. ಹುರಿಯುವುದು ನನ್ನ ಜೊತೆ ಕೆಲಸ ಮಾಡುವ ಗಿರಿಜ, ಪ್ಯಾಕ್ ಮಾಡುವುದು ಗಿರಿಜ, ಅಂಗಡಿಯವರ ಹತ್ತಿರ ಜಗಳವಾಡುವುದೂ ಗಿರಿಜ. ನನ್ನ ಕೆಲಸ ಒಂದೇ. ಬಾಣಲೆಯ ಪಕ್ಕ ನಿಂತು ಸರಿಯಾದ ಹೊತ್ತಿಗೆ "ಇಳಿಸು" ಎನ್ನುವುದು. ಮೆಂತ್ಯ ಕಹಿಗೆ ತಿರುಗುವ ಮೊದಲು ಒಂದು ಕ್ಷಣ ಬೇರೆಯೇ ಪರಿಮಳ ಕೊಡುತ್ತದೆ. ಆ ಕ್ಷಣದಲ್ಲಿ ಇಳಿಸಬೇಕು. ಬಣ್ಣ ನೋಡಿ ಇಳಿಸಿದರೆ ತಡವಾಗಿರುತ್ತದೆ. ಗಿರಿಜಳಿಗೆ ಮೆಣಸಿನ ಘಾಟಿನಿಂದ ವರ್ಷವಿಡೀ ನೆಗಡಿ. ಹಾಗಾಗಿ ಇಡೀ ಹುಡಿಯ ಕೆಲಸ ನಿಂತಿರುವುದು ನನ್ನ ಮೂಗಿನ ಮೇಲೆ, ಮತ್ತು ಈ ಮಾತನ್ನು ಊರೆಲ್ಲ ಹೇಳಿಕೊಂಡು ತಿರುಗಿದವಳೂ ನಾನೇ.

ಐರ್ಲೆಂಡಿಗೆ ಬಂದ ಮೇಲೂ ವಾರಕ್ಕೊಮ್ಮೆ ಗಿರಿಜ ವಿಡಿಯೋ ಕಾಲ್ ಮಾಡುತ್ತಿದ್ದಳು. ನನ್ನ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಪರಿಮಳ ಹೇಗುಂಟು?" ಫೋನಿನಲ್ಲಿ ಪರಿಮಳ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಕೇಳದಿದ್ದರೆ ನನಗೆ ಸಮಾಧಾನವಿಲ್ಲ. ಹೊರಡುವ ಮೊದಲು ಎರಡು ತಿಂಗಳಿಗೆ ಸಾಕಾಗುವಷ್ಟು ಹುರಿಸಿ ಇಟ್ಟು ಬಂದಿದ್ದೆ.

ಆಮೇಲೆ ಜ್ವರ ಬಂತು. ತಂಗಿ ವೀಣಾ ಊಟದ ತಟ್ಟೆಯನ್ನು ಕೋಣೆಯ ಹೊರಗಿಟ್ಟು, ಬಾಗಿಲು ತಟ್ಟಿ, ಮೆಟ್ಟಿಲಿಳಿದು ಓಡುತ್ತಿದ್ದಳು. ಡಾಕ್ಟರ್ ಫೋನಿನಲ್ಲೇ ಎಲ್ಲ ಕೇಳಿ, ಪರೀಕ್ಷೆಗೆ ಕಾಯುವುದು ಬೇಡ, ಅದೇ ಎಂದು ತಿಳಿದುಕೊಂಡು ಮಲಗಿ ಎಂದರು. ಆ ದೇಶದವರು ಫೋನ್ ಇಡುವಾಗ ಒಂದು ಬೈ ಹೇಳಿ ಸುಮ್ಮನಾಗುವುದಿಲ್ಲ. ಬೈ ಬೈ ಬೈ ಬೈ ಎನ್ನುತ್ತಾ ಸ್ವರ ಸಣ್ಣದಾಗುತ್ತಾ ಹೋಗಿ ಕೊನೆಗೆ ಕಟ್ ಆಗುತ್ತದೆ. ಡಾಕ್ಟರೂ ಹಾಗೆಯೇ ಮಾಡಿದರು, ಜ್ವರದಲ್ಲೂ ನನಗೆ ನಗು ಬಂತು.

ಜ್ವರ ಬಿಟ್ಟ ಮೇಲೆ ವೀಣಾಳ ಸಾರು ಬಿಸಿನೀರಿನ ಹಾಗಿತ್ತು. ಇವಳಿಗೆ ಅಡುಗೆ ಮರೆತೇಹೋಗಿದೆ, ಪಾಪ, ಪರದೇಶದಲ್ಲಿ ಹೀಗೆ ಎಂದುಕೊಂಡು ಸುಮ್ಮನೆ ಉಂಡೆ. ಮರುದಿನ ಸೂಟ್‌ಕೇಸಿನಿಂದ ಇಂಗಿನ ಡಬ್ಬಿ ತೆಗೆದೆ. ಪ್ಲಾಸ್ಟಿಕ್ಕಿನ ಮೇಲೆ ಪ್ಲಾಸ್ಟಿಕ್ ಸುತ್ತಿ ತಂದಿದ್ದರೂ ಸೀರೆಗಳಿಗೆಲ್ಲ ವಾಸನೆ ಹಿಡಿದಿದೆ ಎಂದು ಬಂದ ದಿನ ವೀಣಾ ರೇಗಿಸಿದ್ದಳು. ಡಬ್ಬಿಯ ಮುಚ್ಚಳ ತೆಗೆದೆ. ಏನೂ ಇಲ್ಲ. ಮೂಗನ್ನು ಡಬ್ಬಿಯೊಳಗೇ ಇಟ್ಟೆ. ಮೂಗಿನ ತುದಿಗೆ ಹಳದಿ ಪುಡಿ ಅಂಟಿತು, ಅಷ್ಟೆ. ಜ್ವರಕ್ಕೆ ಆಗದ ಹೆದರಿಕೆ ಆ ಡಬ್ಬಿಯ ಮುಂದೆ ಆಯಿತು.

ಅಡುಗೆಮನೆ

ಕೋಣೆಯಿಂದ ಹೊರಗೆ ಬರಲು ಅನುಮತಿ ಸಿಕ್ಕಿದ ದಿನವೇ ನಾನು ಒಲೆಯ ಮುಂದೆ ನಿಂತೆ. ನೆಗಡಿಯಲ್ಲಿ ಮೂಗು ಕಟ್ಟುವುದಿಲ್ಲವೇ, ಕೆಲಸ ಕೊಟ್ಟರೆ ತಾನಾಗಿ ತೆರೆಯುತ್ತದೆ ಎಂದು ನನ್ನ ಲೆಕ್ಕಾಚಾರ. ಬಾಣಲೆಗೆ ಮೆಂತ್ಯ ಹಾಕಿ ಕೈಯಾಡಿಸುತ್ತಾ ಪರಿಮಳಕ್ಕೆ ಕಾದೆ. ಕಾದೆ. ತಲೆಯ ಮೇಲೆ ಎಂಥದೋ ಕಿರುಚತೊಡಗಿತು.

ಅಲ್ಲಿ ಪ್ರತಿ ಮನೆಯಲ್ಲೂ ಚಾವಣಿಗೆ ಒಂದು ಬಿಳಿ ಡಬ್ಬಿ ಅಂಟಿಸಿರುತ್ತಾರೆ, ಹೊಗೆ ಕಂಡರೆ ಕೂಗುವ ಅಲಾರಂ. ನಮ್ಮ ಒಗ್ಗರಣೆಗೂ ಬೆಂಕಿ ಅನಾಹುತಕ್ಕೂ ಅದಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ವೀಣಾ ಓಡಿ ಬಂದು ಕೊಕ್ಕೆಯಲ್ಲಿದ್ದ ಟವೆಲ್ ಎಳೆದು ಅದರ ಕೆಳಗೆ ಬೀಸತೊಡಗಿದಳು.

"ಅಕ್ಕ, ಎಂತ ಮಾಡ್ತಾ ಇದ್ದಿ? ಕರಟಿ ಹೋಯ್ತಲ್ಲ. ನಿಂಗೆ ವಾಸನೆ ಬರ್ಲಿಲ್ವಾ?"

ಬಾಣಲೆಯಲ್ಲಿ ಮೆಂತ್ಯ ಕಪ್ಪಾಗಿತ್ತು. ನಾನು ಅದನ್ನೇ ನೋಡುತ್ತಾ ನಿಂತಿದ್ದೆ, ಆದರೆ ಮೂಗಿನಿಂದ ಸುದ್ದಿ ಬರದೆ ಕಣ್ಣನ್ನು ನಂಬುವುದು ನನಗೆ ಅಭ್ಯಾಸವಿಲ್ಲ. ಚಾವಣಿಯ ಪ್ಲಾಸ್ಟಿಕ್ ಡಬ್ಬಿಗೆ ತಿಳಿದದ್ದು ನನಗೆ ತಿಳಿಯಲಿಲ್ಲ. ಕುರ್ಚಿಯಲ್ಲಿ ಕುಳಿತು ಅತ್ತುಬಿಟ್ಟೆ.

ಡಾಕ್ಟರಿಗೆ ಮತ್ತೆ ಫೋನ್ ಮಾಡಿದೆವು. ಬಹಳ ಜನರಿಗೆ ಹೀಗಾಗಿದೆ, ಹೆಚ್ಚಿನವರಿಗೆ ಮರಳಿ ಬರುತ್ತದೆ, ಯಾವಾಗ ಎಂದು ಹೇಳಲಾಗುವುದಿಲ್ಲ ಎಂದರು. ಒಂದು ಅಭ್ಯಾಸ ಹೇಳಿಕೊಟ್ಟರು. ಗಾಢ ವಾಸನೆಯ ಕೆಲವು ಪದಾರ್ಥಗಳನ್ನು ಬೇರೆ ಬೇರೆ ಸೀಸೆಯಲ್ಲಿಟ್ಟು, ಬೆಳಗ್ಗೆ ಸಂಜೆ ಒಂದೊಂದನ್ನೇ ಮೂಗಿಗೆ ಹಿಡಿದು, ಅದರ ವಾಸನೆ ಹೇಗಿತ್ತು ಎಂದು ಮನಸ್ಸಿಟ್ಟು ನೆನಪಿಸಿಕೊಳ್ಳಬೇಕು. ಗುಲಾಬಿ, ಲವಂಗ, ನಿಂಬೆ ಎಂದೆಲ್ಲ ಹೇಳಿದರು. ನಾನು ಗುಲಾಬಿ ಬಿಟ್ಟು ಇಂಗು ಸೇರಿಸಿಕೊಂಡೆ. ಗುಲಾಬಿಯಿಂದ ನನಗೇನೂ ಆಗಬೇಕಾಗಿಲ್ಲ. ಇಂಗು, ಲವಂಗ, ಕಾಫಿಪುಡಿ, ನಿಂಬೆಸಿಪ್ಪೆ. ನಾಲ್ಕು ಜಾಮ್ ಸೀಸೆಗಳು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಕುಳಿತವು.

"ಗಿರಿಜಂಗೆ ಹೇಳು," ಎಂದಳು ವೀಣಾ.

"ಎಂತಕ್ಕೆ? ಅವಳು ಗಾಬರಿ ಆಗ್ಲಿಕ್ಕಾ? ಬರ್ತದೆ. ಬರಿಸ್ತೇನೆ."

ಅಂದಿನಿಂದ ಗಿರಿಜಳ ಫೋನ್ ಬಂದಾಗ ನಾನು ಮಳೆ, ಮಾಸ್ಕು, ಅಕ್ಕಿಯ ಮಾತಾಡುತ್ತಿದ್ದೆ. ಊರಿನಲ್ಲೂ ಲಾಕ್‌ಡೌನ್ ಸಡಿಲವಾಗಿ ಶೆಡ್ಡು ಮತ್ತೆ ತೆರೆಯಿತು. ಹಳೆಯ ದಾಸ್ತಾನು ಮುಗಿದು ಗಿರಿಜ ತಾನೇ ಬಣ್ಣ ನೋಡಿ ಹುರಿಯತೊಡಗಿದ್ದಳು. ಸಾರಿನ ಹುಡಿ ಸ್ವಲ್ಪ ಕಹಿ ಎಂದು ಇಬ್ಬರು ಗಿರಾಕಿಗಳು ಹೇಳಿದರಂತೆ. ಫೋನ್ ಇಟ್ಟವಳೇ ಇಂಗಿನ ಸೀಸೆ ತೆರೆದೆ.

ಹಿತ್ತಿಲ ಗೋಡೆ

ವೀಣಾಳ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಗೋಡೆ. ಆಚೆ ಇದ್ದವರು ನೋರೀನ್, ಭೂಗೋಳ ಕಲಿಸಿ ನಿವೃತ್ತರಾದ ಮೇಡಂ, ಒಬ್ಬರೇ ಇರುವವರು. ಎಪ್ಪತ್ತು ದಾಟಿದವರು ಮನೆಯಿಂದ ಹೊರಬೀಳಲೇಬಾರದೆಂದು ಆಗ ನಿಯಮ. ರೇಷ್ಮೆಹುಳು ಗೂಡಿನೊಳಗೆ ಕೂತ ಹಾಗೆ ಇರಿ ಎಂಬ ಅರ್ಥದಲ್ಲಿ ಅದಕ್ಕೆ ಕಕೂನಿಂಗ್ ಎಂದು ಹೆಸರಿಟ್ಟಿದ್ದರು. ನೋರೀನ್ ಗೋಡೆಯವರೆಗೆ ಬಂದು ನಿಂತು, ತನ್ನ ಗೂಡು ಇಲ್ಲಿಗೆ ಮುಗಿಯಿತು ಎನ್ನುತ್ತಿದ್ದರು. ಹೇಗಿದ್ದೀರಿ ಎಂದರೆ ಉತ್ತರ ಯಾವಾಗಲೂ "ಗ್ರ್ಯಾಂಡ್." ಅಲ್ಲಿ ಕಾಲು ಮುರಿದವರೂ ಗ್ರ್ಯಾಂಡ್ ಆಗಿಯೇ ಇರುತ್ತಾರೆ. ನಮ್ಮಲ್ಲಿ ಹೇಗಿದ್ದೀರಿ ಎಂದು ಕೇಳಿದರೆ ಮೊಣಕಾಲಿನಿಂದ ಶುರುಮಾಡಿ ಹೇಳುತ್ತೇವೆ. ನಾನು ಹಾಗೆಯೇ ಹೇಳಿದೆ. ಮೂಗಿನ ಕಥೆಯನ್ನು ಅವರು ಗೋಡೆಗೆ ಮೊಣಕೈ ಊರಿ ಪೂರ್ತಿ ಕೇಳಿದರು.

ಅವರ ಸಾಮಾನನ್ನು ನಮ್ಮ ಮನೆಯವರೇ ತಂದುಕೊಡುತ್ತಿದ್ದರು. ಒಂದು ದಿನ ಬ್ರೆಡ್ಡು, ಬೆಣ್ಣೆ, ಆಲೂಗಡ್ಡೆಯ ಜೊತೆ ಟ್ರಫಲ್ ಎಣ್ಣೆ ಬೇಕು ಎಂದರು. ಗಂಡ ಬದುಕಿದ್ದಾಗ ಒಂದು ಹುಟ್ಟುಹಬ್ಬಕ್ಕೆ ತಂದುಕೊಟ್ಟರಂತೆ, ಅಂದಿನಿಂದ ಅದಿಲ್ಲದೆ ಹಿಸುಕಿದ ಆಲೂಗಡ್ಡೆ ಗಂಟಲಲ್ಲಿ ಇಳಿಯುವುದಿಲ್ಲ. ಟ್ರಫಲ್ ಎಂದರೇನು ಎಂದು ಕೇಳಿದೆ. ಮರದ ಬುಡದಲ್ಲಿ, ಮಣ್ಣಿನ ಒಳಗೇ ಬೆಳೆಯುವ ಒಂದು ಅಣಬೆ, ನಾಯಿಯಿಂದಲೋ ಹಂದಿಯಿಂದಲೋ ಮೂಸಿಸಿ ಹುಡುಕುತ್ತಾರೆ ಎಂದರು.

ನಮ್ಮ ಕಡೆ ಕಲ್ಲಣಬೆ ಉಂಟು ಎಂದು ನಾನು ಸಂಭ್ರಮದಿಂದ ಹೇಳಿದೆ. ಮೊದಲ ಗುಡುಗು ಮಳೆ ಬಿದ್ದ ಮೇಲೆ ಗುಡ್ಡದಲ್ಲಿ ಮಣ್ಣು ಕೆದಕಿ ತೆಗೆಯುವ ಗೋಲಿಯಂಥ ಅಣಬೆ, ಕಾರ್ಕಳದ ಪೇಟೆಯಲ್ಲಿ ಬುಟ್ಟಿ ಇಳಿಸುವಷ್ಟರಲ್ಲಿ ಖಾಲಿಯಾಗುತ್ತದೆ ಎಂದೆ. ಅದರ ವಾಸನೆ ಹೇಗಿರುತ್ತದೆ ಎಂದು ಅವರು ಕೇಳಿದರು. ನಾನು ಬಾಯಿ ತೆರೆದೆ, ಹೇಳಲು ಏನೂ ಸಿಗಲಿಲ್ಲ. ವಾಸನೆಯ ಜೊತೆ ಅದರ ನೆನಪೂ ಹೋಗಿತ್ತು.

ಅಂಗಡಿಯ ಸಾಲು

ಅಂಗಡಿಗೆ ನಾನೇ ಹೋಗುತ್ತೇನೆ ಎಂದೆ. ವೀಣಾ ಬಾಗಿಲಲ್ಲೇ ಒಂದಷ್ಟು ಬುದ್ಧಿ ಹೇಳಿ ಕಳಿಸಿದಳು. ಹೊರಗೆ ಎರಡೆರಡು ಮೀಟರಿಗೆ ಗೆರೆ ಎಳೆದು ಜನರನ್ನು ನಿಲ್ಲಿಸಿದ್ದರು. ನಮ್ಮಲ್ಲಿ ಆ ಅಂತರದಲ್ಲಿ ಇನ್ನೂ ಆರು ಜನ ಹಿಡಿಸುತ್ತಾರೆ. ಅಲ್ಲಿ ಯಾರೂ ಗೆರೆ ಮೀರುವುದಿಲ್ಲ, ಆದರೆ ಮಾತು ಮಾತ್ರ ಗೆರೆ ದಾಟಿ ಹರಿಯುತ್ತದೆ. ಮುಂದಿದ್ದವರು ಮಳೆ ಬರುತ್ತದೆ ಎಂದರು, ಹಿಂದಿದ್ದವರು ಬರಲಿಕ್ಕಿಲ್ಲ ಎಂದರು, ಅಷ್ಟರಲ್ಲಿ ಮಳೆ ಬಂದು ನಿಂತೂ ಹೋಯಿತು.

ಎಣ್ಣೆಯ ಶೆಲ್ಫಿನಲ್ಲಿ ಟ್ರಫಲ್ ಎಣ್ಣೆ ಎರಡು ಬಗೆಯದು ಇತ್ತು. ಒಂದು ಸಣ್ಣದು, ಕಪ್ಪು ಗಾಜಿನ ಬಾಟಲಿ, ಒಳಗೆ ಏನಿದೆಯೆಂದು ಕಾಣದು. ನೋರೀನ್ ಹೇಳಿದ್ದು ಅದನ್ನೇ. ಇನ್ನೊಂದು ಅದರ ದುಪ್ಪಟ್ಟು ದೊಡ್ಡದು, ನಿರ್ಮಲವಾದ ಬಿಳಿ ಗಾಜು. ಊರಿನಲ್ಲಿ ಗಾಣದ ಎಣ್ಣೆ ಕೊಳ್ಳುವಾಗ ಬಾಟಲಿಯನ್ನು ಬೆಳಕಿಗೆ ಹಿಡಿದು, ತಳದಲ್ಲಿ ಗಸಿ ಇದೆಯೇ ಎಂದು ನೋಡುವುದು ನನ್ನ ರೂಢಿ. ಹಿಡಿದು ನೋಡಿದೆ. ಎಣ್ಣೆ ಹೊಂಬಣ್ಣಕ್ಕೆ ಹೊಳೆಯಿತು. ನೋರೀನ್‌ಗೆ ಕಪ್ಪು ಬಾಟಲಿ, ನನಗೆ ಬಿಳಿಯದು ಎಂದು ಎರಡನ್ನೂ ಬುಟ್ಟಿಗೆ ಹಾಕಿದೆ. ಕಪ್ಪು ಗಾಜಿನಲ್ಲಿ ಮುಚ್ಚಿಟ್ಟು ಮಾರುವವರ ಬಗ್ಗೆ ನನಗೆ ಅನುಮಾನ ಜಾಸ್ತಿ. ಬೆಲೆಯನ್ನು ಇಲ್ಲಿ ಹೇಳುವುದಿಲ್ಲ, ವೀಣಾಗೂ ಹೇಳಲಿಲ್ಲ.

ನಾನು ಯಾಕೆ ಕೊಂಡೆ ಎಂದರೆ, ಮಣ್ಣಿನೊಳಗಿದ್ದರೂ ಹಂದಿಗೆ ವಾಸನೆ ಬಡಿಯುವಂಥ ಪದಾರ್ಥ ನನ್ನ ಮೂಗಿಗೆ ಬಡಿಯದೆ ಎಲ್ಲಿ ಹೋದೀತು ಎಂದು. ಮನೆಗೆ ಬಂದು ಮುಚ್ಚಳ ತಿರುಗಿಸಿ ಮೂಸಿದೆ. ನೀರು ಮೂಸಿದ ಹಾಗಾಯಿತು. ಬಿಸಿಮಾಡಿದರೆ ಪರಿಮಳ ಏಳುತ್ತದೆ ಎಂದು ನನ್ನ ಇಷ್ಟು ವರ್ಷಗಳ ಅನುಭವ ಹೇಳಿತು.

ಹಿತ್ತಿಲ ಹುಲ್ಲು

ಅಂದು ಸಂಜೆ ತೊವ್ವೆ ಮಾಡಿದ್ದೆ. ಒಗ್ಗರಣೆ ಸೌಟಿಗೆ ಟ್ರಫಲ್ ಎಣ್ಣೆಯನ್ನು ಧಾರಾಳವಾಗಿ ಸುರಿದು ಕಾಯಿಸಿ, ಸಾಸಿವೆ ಸಿಡಿಸಿ, ಉದ್ದಿನಬೇಳೆ, ಒಣಮೆಣಸು, ಕರಿಬೇವು ಹಾಕಿ ಚುಯ್ಯೆನ್ನಿಸಿದೆ. ಆ ಶಬ್ದ ಕೇಳಿಯೇ ನನಗೆ ಅರ್ಧ ಹಸಿವಾಯಿತು.

ವೀಣಾಳ ಗಂಡ ಪ್ರಕಾಶ್ ಮೈಸೂರಿನವರು. ಲೀಕ್ಸ್‌ಲಿಪ್‌ನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಕೆಲಸ. ಅದು ನಿಲ್ಲಿಸುವಂಥ ಕೆಲಸವಲ್ಲವಾದ್ದರಿಂದ ಲಾಕ್‌ಡೌನಿನಲ್ಲೂ ಹೋಗಿಬರುತ್ತಿದ್ದರು. ಅಲ್ಲಿ ಎಂತೆಂಥದೋ ಗ್ಯಾಸುಗಳ ನಡುವೆ ಇರುವವರು, ಸೋರಿಕೆ ಎಂದರೆ ಪ್ರಾಣಭಯ. ಅಂದು ಬಾಗಿಲು ತೆರೆದು ಒಳಗೆ ಬಂದವರು ಶೂ ಬಿಚ್ಚದೆ ನಿಂತುಬಿಟ್ಟರು.

"ಅತ್ತಿಗೆ, ಒಲೆ ಮುಟ್ಬೇಡಿ. ಸ್ವಿಚ್ಚೂ ಮುಟ್ಬೇಡಿ. ವೀಣಾ, ಕಿಟಕಿ ತೆಗಿ. ಎಲ್ಲಾರೂ ಹಿತ್ತಿಲಿಗೆ ಬನ್ನಿ. ಗ್ಯಾಸ್ ಲೀಕ್ ಆಗ್ತಾ ಇದೆ."

ಗ್ಯಾಸಿನ ಮುಖ್ಯ ಕೊಳಾಯಿ ನಿಲ್ಲಿಸಿ ನನ್ನನ್ನೂ ಮಹಡಿಯಿಂದ ಇಳಿದು ಬಂದ ವೀಣಾಳನ್ನೂ ಹಿತ್ತಿಲ ಹುಲ್ಲಿನ ಮೇಲೆ ನಿಲ್ಲಿಸಿದರು. ಚಳಿ ಕೊರೆಯುತ್ತಿತ್ತು. ನನ್ನ ಕೈಯಲ್ಲಿ ಒಗ್ಗರಣೆ ಸೌಟು ಹಾಗೇ ಇತ್ತು. ವೀಣಾ ಮೂಗು ಮುಚ್ಚಿಕೊಂಡು ನನ್ನಿಂದ ದೂರ ಸರಿದಳು, ಆಮೇಲೆ ಹತ್ತಿರ ಬಂದು ಸೌಟನ್ನು ಮೂಸಿದಳು.

"ಗ್ಯಾಸ್ ಅಲ್ಲ ಮಾರಾಯ್ರೆ. ಅಕ್ಕನ ಒಗ್ಗರಣೆ."

ಗೋಡೆಯಾಚೆಯಿಂದ ನೋರೀನ್ ತಲೆ ಕಾಣಿಸಿತು. ಏನಾಯಿತೆಂದು ತಿಳಿದ ಮೇಲೆ ಅವರು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅದನ್ನು ಕಾಯಿಸಿದಿರಾ, ದೇವರೇ, ಯಾರಾದರೂ ಕಾಯಿಸುತ್ತಾರೆಯೇ ಎಂದು ಮತ್ತೆ ಮತ್ತೆ ಕೇಳಿದರು. ನನಗೆ ಸಿಟ್ಟು ಬಂತು. ಎಣ್ಣೆಯನ್ನು ಕಾಯಿಸದೆ ಮತ್ತೇನು ಪೂಜೆ ಮಾಡುತ್ತಾರೆಯೇ? ಆದರೆ ಆ ಸಿಟ್ಟಿನ ಅಡಿಯಲ್ಲಿ ಒಂದು ಆಸೆಯೂ ಹುಟ್ಟಿತು. ಮನೆಯವರನ್ನೆಲ್ಲ ಹಿತ್ತಿಲಿಗೆ ಓಡಿಸಿದ ವಾಸನೆ ಇದು. ಇದನ್ನು ನಾನು ಬಿಡುವುದಿಲ್ಲ.

ಮೂರು ಹನಿ

ಮರುದಿನ ನೋರೀನ್ ಗೋಡೆಯ ಮೇಲೆ ಒಂದು ಬಟ್ಟಲು ಇಟ್ಟು ದೂರ ಸರಿದು ನಿಂತರು. ಹಿಸುಕಿದ ಆಲೂಗಡ್ಡೆ, ನಡುವೆ ಬೆಣ್ಣೆಯ ಗುಳಿ. ತನ್ನ ಕಪ್ಪು ಬಾಟಲಿಯಿಂದ ಮೂರೇ ಹನಿ ಹಾಕಿ ತೋರಿಸಿದ್ದರು. ಬೆಂಕಿಯಿಂದ ಇಳಿಸಿದ ಮೇಲೆ, ಬಡಿಸುವ ಹೊತ್ತಿಗೆ, ಮೂರು ಹನಿ. ನಾಲ್ಕನೆಯದು ದುರಾಸೆ ಎಂದರು. ನಾವು ತುಪ್ಪ ಹಾಕುವ ಹಾಗೆ ಎಂದು ನನಗೆ ಅರ್ಥವಾಯಿತು. ಒಗ್ಗರಣೆಯ ಎಣ್ಣೆಗೂ ಮೇಲೆ ಬಿಡುವ ತುಪ್ಪಕ್ಕೂ ಇರುವ ವ್ಯತ್ಯಾಸವನ್ನು ನಾನು ಇನ್ನೊಬ್ಬರಿಂದ ಹೇಳಿಸಿಕೊಳ್ಳಬೇಕಾಯಿತು.

ಇನ್ನೊಂದು ಗುಟ್ಟನ್ನೂ ಹೇಳಿದರು. ಹೆಚ್ಚಿನ ಬಾಟಲಿಗಳಲ್ಲಿ ಟ್ರಫಲ್ ಇರುವುದೇ ಇಲ್ಲವಂತೆ. ಆಲಿವ್ ಎಣ್ಣೆಗೆ ಆ ಪರಿಮಳವನ್ನು ತಯಾರಿಸಿ ಸೇರಿಸುತ್ತಾರೆ. ನನಗೆ ಮೊದಲು ಮೋಸವೆನಿಸಿತು. ಆಮೇಲೆ ನಾನು ಹುಡಿಗೆ ಹಾಕುವ ಇಂಗು ನೆನಪಾಯಿತು. ಅದರಲ್ಲೂ ಹಿಟ್ಟು, ಅಂಟು ಎಲ್ಲ ಸೇರಿದ ಮೇಲೆ ಇಂಗು ಎಷ್ಟು ಉಳಿದೀತು?

ತಂಪಾದ, ಕತ್ತಲೆಯ ಜಾಗದಲ್ಲಿ ಇಡಿ, ಮುಚ್ಚಳ ಬಿಗಿಯಾಗಿರಲಿ, ತೆರೆದ ಮೇಲೆ ಬಹಳ ತಿಂಗಳು ಇಡಬೇಡಿ ಎಂದೂ ಹೇಳಿದರು. ತಂಪು, ಕತ್ತಲೆ ಎಂದರೆ ಈ ಇಡೀ ದೇಶವೇ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ವೀಣಾಳ ಮನೆಯಲ್ಲಿ ತೆಂಗಿನೆಣ್ಣೆ ಸದಾ ಕಲ್ಲಿನ ಹಾಗೆ ಗಟ್ಟಿ. ಅದಕ್ಕೇ ಅದನ್ನು ಒಲೆಯ ಪಕ್ಕದ ಶೆಲ್ಫಿನಲ್ಲಿ, ಕಿಟಕಿಯ ಬಿಸಿಲೂ ತಾಗುವ ಮೂಲೆಯಲ್ಲಿ ಇಟ್ಟಿದ್ದಳು. ಎಣ್ಣೆಯ ಜಾಗ ಅದು. ನನ್ನ ಟ್ರಫಲ್ ಬಾಟಲಿಯನ್ನೂ ಅಲ್ಲೇ ಇಟ್ಟೆ. ಅದರಿಂದ ಒಂದಿಷ್ಟು ಐದನೆಯ ಸೀಸೆಗೆ ಹಾಕುವುದು, ಮೂಸುವುದು, ಮುಗಿದರೆ ಮತ್ತೆ ಬಾಟಲಿಯಿಂದ ತುಂಬುವುದು.

ತಮಾಷೆಯೆಂದರೆ, ನಮ್ಮನ್ನು ಹಿತ್ತಿಲಿಗೆ ಓಡಿಸಿದ ಪ್ರಕಾಶ್ ಆ ಎಣ್ಣೆಗೆ ಮನಸೋತರು. ಆಮ್ಲೆಟ್ಟಿಗೆ ಮೂರು ಹನಿ, ಉಪ್ಪಿಟ್ಟಿಗೆ ಮೂರು ಹನಿ. "ಅತ್ತಿಗೆ, ಉಪ್ಪಿಟ್ಟಿಗೆ ಇದು ಒಂಥರಾ ಸಕ್ಕತ್ತಾಗಿ ಹೊಂದತ್ತೆ" ಎಂದು ಚಪ್ಪರಿಸುತ್ತಿದ್ದರು. ಅದೇ ಉಪ್ಪಿಟ್ಟು ನನ್ನ ಬಾಯಲ್ಲಿ ಮರಳು. ಅವರ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಫೀನಿಕ್ಸ್ ಪಾರ್ಕ್

ಬೇಸಿಗೆ ಬಂತು. ಹತ್ತಿರದ ಫೀನಿಕ್ಸ್ ಪಾರ್ಕಿಗೆ ದಿನವೂ ನಡೆಯತೊಡಗಿದೆ. ಅಷ್ಟು ದೊಡ್ಡ ಪಾರ್ಕು ನಮ್ಮಲ್ಲಿ ಇದ್ದಿದ್ದರೆ ಅರ್ಧ ಕಲ್ಯಾಣಮಂಟಪವಾಗಿರುತ್ತಿತ್ತು. ಅಲ್ಲಿ ಜಿಂಕೆಗಳು ಮೇಯುತ್ತವೆ, ಜನ ದೂರ ನಿಂತು ನೋಡುತ್ತಾರೆ. ಒಂದು ದಿನ ಹುಲ್ಲು ಕತ್ತರಿಸಿದ್ದರು, ಮೇಲೆ ಮಳೆ ಬೀಳುತ್ತಿತ್ತು. ಎದುರಿಗೆ ಬಂದ ಹೆಂಗಸೊಬ್ಬರು ಆಹಾ, ಎಂಥ ವಾಸನೆ ಎಂದು ನನ್ನನ್ನು ನೋಡಿ ನಕ್ಕರು. ನಾನೂ ನಕ್ಕೆ. ಬೆಂಚಿನಲ್ಲಿ ಕುಳಿತು, ಸುತ್ತ ಯಾರೂ ಇಲ್ಲದ್ದನ್ನು ನೋಡಿ, ಒಂದು ಹಿಡಿ ಒದ್ದೆ ಮಣ್ಣನ್ನು ಮೂಗಿಗೆ ಹಿಡಿದೆ. ತಣ್ಣಗಿತ್ತು, ಬೇರೇನೂ ಇಲ್ಲ. ಆ ದಿನ ನಾನು ಸೋತೆ ಎಂದುಕೊಂಡೆ.

ಅದೇ ವಾರ ಭಾರತಕ್ಕೆ ವಿಶೇಷ ವಿಮಾನ ಇದೆ, ಸೀಟು ಸಿಗುತ್ತದೆ ಎಂದು ಪ್ರಕಾಶ್ ಹೇಳಿದರು. ನಾನು ಬೇಡ ಎಂದೆ. ವೀಣಾಗೆ ರೇಗಿತು.

"ಮೂಗು ಬರ್ದಿದ್ರೆ ಇಲ್ಲೇ ಕೂರ್ತಿಯಾ? ನೀನು ಇರುದು ನಂಗೆ ಸಂತೋಷವೇ. ಆದ್ರೆ ಅಲ್ಲಿ ಗಿರಿಜ ಒಬ್ಬಳೇ ಒದ್ದಾಡ್ತಾ ಇದ್ದಾಳೆ. ಹುರೀಲಿಕ್ಕೆ ಈಗ ಮಿಷನ್ ಬರ್ತದೆ ಅಕ್ಕ. ಇಷ್ಟು ಬಿಸಿ, ಇಷ್ಟು ಹೊತ್ತು ಅಂತ ಇಟ್ರೆ ಅದೇ ಮಾಡ್ತದೆ."

"ಮಿಷನ್ ಬಂದ ಮೇಲೆ ನಾನೆಂತಕ್ಕೆ ಅಲ್ಲಿ?"

ಶೆಡ್ಡಿನಲ್ಲಿ ಬಾಣಲೆಯ ಪಕ್ಕ ಸುಮ್ಮನೆ ನಿಂತಿರುವ ನನ್ನನ್ನು ನಾನು ಕಲ್ಪಿಸಿಕೊಳ್ಳಲಾರೆ. ಹಣಕ್ಕಾಗಿ ಅಲ್ಲ. ಮಕ್ಕಳಿಲ್ಲದ ನನ್ನನ್ನು, ಗಂಡ ಹೋದ ಮೇಲೆ, ಜನ ಕರೆದದ್ದು ಆ ಮೂಗಿನ ಹೆಸರಿನಲ್ಲಿ. ಕಿಟಕಿಯ ಕಟ್ಟೆಯ ಹತ್ತಿರ ಹೋಗಿ ಐದೂ ಸೀಸೆಗಳನ್ನು ಮತ್ತೆ ಒಂದೊಂದಾಗಿ ತೆರೆದೆ. ಅಂದಿನಿಂದ ಬೆಳಗ್ಗೆ ಸಂಜೆಯ ಜೊತೆ ಮಧ್ಯಾಹ್ನವೂ ಸೇರಿಸಿದೆ. ಡಾಕ್ಟರ್ ಹೇಳಿದ್ದಕ್ಕಿಂತ ಹೆಚ್ಚು ಮಾಡಿದರೆ ತಪ್ಪೇನಿಲ್ಲವಷ್ಟೆ.

ಒಲೆಯ ಪಕ್ಕದ ಶೆಲ್ಫು

ಬೇಸಿಗೆ ಮುಗಿಯುತ್ತಾ ಬಂದಿತ್ತು. ಅಂದು ಬೆಳಗ್ಗೆ ಐದನೆಯ ಸೀಸೆ ಖಾಲಿಯಾಗಿತ್ತು, ಬಾಟಲಿಯಿಂದ ತುಂಬಿಸಿಕೊಂಡೆ. ಇಂಗು ಮೂಸಿದೆ, ಇಲ್ಲ. ಲವಂಗ, ಇಲ್ಲ. ಕಾಫಿ, ಇಲ್ಲ. ನಿಂಬೆ, ಇಲ್ಲ. ರೂಢಿಯಂತೆ ಕೊನೆಗೆ ಟ್ರಫಲ್ ಎಣ್ಣೆ.

ಏನೋ ಇತ್ತು.

ಸೀಸೆ ಕೆಳಗಿಟ್ಟು ಮತ್ತೆ ಎತ್ತಿದೆ. ಇತ್ತು. ಪರಿಮಳವಲ್ಲ. ತೆಳ್ಳಗೆ, ಮೂಗಿನ ಒಳಗೋಡೆಗೆ ಕೆರೆದ ಹಾಗೆ. ಇದು ಯಾವುದು ಎಂದು ನೆನಪಿಸಿಕೊಳ್ಳಬೇಕಾಗಿಯೇ ಇರಲಿಲ್ಲ. ಮಳೆಗಾಲ ಮುಗಿದ ಮೇಲೆ ಹಳೆಯ ಕೊಬ್ಬರಿಯ ಗೋಣಿಯ ಬಾಯಿ ಬಿಚ್ಚಿದಾಗ ಬರುವ ವಾಸನೆ. ಚಟ್ನಿಹುಡಿಗೆ ಬಂದ ಕೊಬ್ಬರಿಯನ್ನು ನಾನು ಇಡೀ ಗೋಣಿ ವಾಪಸು ಕಳಿಸಿದ್ದಿದೆ, ಈ ವಾಸನೆಗಾಗಿಯೇ.

"ವೀಣಾ, ಈ ಎಣ್ಣೆ ಕಮಟು."

ಅವಳು ಬಂದು ಮೂಸಿದಳು. "ಎಂತ ಇಲ್ಲ ಅಕ್ಕ. ಯಾವಾಗ್ಲೂ ಬರುವ ಗ್ಯಾಸ್ ವಾಸನೆಯೇ."

"ಅದರ ಕೆಳಗೆ ನೋಡು."

ಅವಳಿಗೆ ಕೆಳಗೆ ಏನೂ ಸಿಗಲಿಲ್ಲ. ನನ್ನ ಭ್ರಮೆ ಎಂದು ಅವಳ ಮುಖ ಹೇಳುತ್ತಿತ್ತು. ನಾನು ಕಣ್ಣು ಮುಚ್ಚಿ, ಸೀಸೆಗಳನ್ನು ಹಿಂದುಮುಂದು ಮಾಡಿ ಒಂದೊಂದೇ ಮೂಗಿಗೆ ಹಿಡಿ ಎಂದೆ. ಹಿಡಿದಳು. ಟ್ರಫಲ್ ಬಂದಾಗ ಇದೇ ಎಂದೆ. ಮತ್ತೆ ಅದಲುಬದಲು ಮಾಡಿದಳು. ಮತ್ತೆ ಇದೇ ಎಂದೆ. ಮೂರನೆಯ ಸಲವೂ ಇದೇ ಎಂದಾಗ ಅವಳು ಸೀಸೆ ಕೆಳಗಿಟ್ಟು ಪ್ರಕಾಶ್‌ರನ್ನು ಕೂಗಿದಳು.

ಪ್ರಕಾಶ್ ಮಹಡಿಯಿಂದ ಇಳಿದು ಬಂದು ವಿಷಯ ಕೇಳಿ ಕುರ್ಚಿಯಲ್ಲಿ ಕುಳಿತರು. "ಕೆಟ್ಟೋಗಿದೆಯಾ? ಅತ್ತಿಗೆ, ಈಗಷ್ಟೇ ಆಮ್ಲೆಟ್‌ಗೆ ಹಾಕ್ಕೊಂಡೆನಲ್ಲ."

ತೀರ್ಪಿಗೆ ಗೋಡೆಯ ಹತ್ತಿರ ಹೋದೆವು. ಆಗ ನೋರೀನ್ ಗೂಡಿನಿಂದ ಹೊರಬಂದಿದ್ದರು, ಆದರೂ ಭೇಟಿಯ ಜಾಗ ಗೋಡೆಯೇ. ಅವರು ತಮ್ಮ ಬೀರುವಿನ ಕತ್ತಲಿನಿಂದ ಹೊಸ ಬಾಟಲಿ ತಂದು ತೆರೆದು ಮೂಸಿದರು, ನಂತರ ನನ್ನದನ್ನು ಮೂಸಿದರು. ಮುಖ ಕಿವುಚಿದರು. ಕೆಟ್ಟಿದೆ, ಖಂಡಿತ ಕೆಟ್ಟಿದೆ, ಹೊಸದರ ಪಕ್ಕ ಹಿಡಿದದ್ದರಿಂದ ಗೊತ್ತಾಯಿತು ಎಂದರು. ಎಲ್ಲಿಟ್ಟಿದ್ದಿರಿ ಎಂದು ಕೇಳಿದರು.

"ಒಲೆಯ ಪಕ್ಕ," ಎಂದೆ. "ತೆಂಗಿನೆಣ್ಣೆಯ ಜೊತೆ."

ಅವರು ಬೈಯಲು ಬಾಯಿ ತೆರೆದು, ನನ್ನ ಮುಖ ನೋಡಿ ನಿಲ್ಲಿಸಿದರು. ನಾನು ಅಳುತ್ತಿದ್ದೆ. ಬಿಳಿ ಗಾಜು, ಕಿಟಕಿಯ ಬಿಸಿಲು, ಒಲೆಯ ಶಾಖ, ನಾನು ಮಾಡಿದ ಎಲ್ಲ ತಪ್ಪುಗಳೂ ಸೇರಿ ಒಂದು ಒಳ್ಳೆಯ ಎಣ್ಣೆಯನ್ನು ಹಾಳುಮಾಡಿದ್ದವು, ಮತ್ತು ಹಾಳಾದದ್ದನ್ನೇ ನನ್ನ ಮೂಗು ಮೊದಲು ಗುರುತಿಸಿತ್ತು. ಪರಿಮಳಗಳಿಗೆ ಅದು ಇನ್ನೂ ಬಾಗಿಲು ತೆರೆದಿರಲಿಲ್ಲ. ಆದರೆ ಕೆಟ್ಟದ್ದನ್ನು ಬೇಡ ಎಂದಿತ್ತು. ನನ್ನ ಮೂಗಿನ ಕೆಲಸ ಯಾವಾಗಲೂ ಅದೇ ಆಗಿತ್ತಲ್ಲ.

ಆ ಬಾಟಲಿಯನ್ನು ಎಸೆಯಲು ಬಿಡಲಿಲ್ಲ. ದಿನವೂ ಮೊದಲು ಕಮಟು, ಆಮೇಲೆ ನೋರೀನ್ ಕೊಟ್ಟ ಹೊಸ ಎಣ್ಣೆ. ಕೆಲವು ವಾರಗಳಲ್ಲಿ ಎರಡರ ನಡುವಿನ ವ್ಯತ್ಯಾಸ ತಿಳಿಯತೊಡಗಿತು. ಟ್ರಫಲ್ಲಿನ ವಾಸನೆ ನಮ್ಮ ಕಲ್ಲಣಬೆಯ ಹಾಗೆ ಇಲ್ಲವೇ ಇಲ್ಲ, ಇಂಗಿನ ದೂರದ ನೆಂಟನ ಹಾಗಿದೆ. ಇಷ್ಟಕ್ಕೆ ಇಷ್ಟು ದುಡ್ಡು ಕೊಟ್ಟೆನೇ ಎನಿಸಿತು. ಆಮೇಲೆ ಇಂಗು ಬಂತು. ಒಂದು ಬೆಳಗ್ಗೆ, ನಾನು ಕೇಳದೆಯೇ, ವೀಣಾಳ ಕಾಫಿಯ ಪರಿಮಳ ಬಂತು.

ಮತ್ತೆ ಅಡುಗೆಮನೆ

ಹೊರಡುವ ಹಿಂದಿನ ದಿನ ಬಾಣಲೆ ಇಟ್ಟೆ. ಕೈಯಾಡಿಸಲು ವೀಣಾ. ಚಾವಣಿಯ ಬಿಳಿ ಡಬ್ಬಿಯ ಕೆಳಗೆ ಟವೆಲ್ ಹಿಡಿದು ಪ್ರಕಾಶ್. ತೆಂಗಿನೆಣ್ಣೆಯ ಬಾಟಲಿಗೆ ಒರಗಿಸಿದ ಫೋನಿನಲ್ಲಿ ಗಿರಿಜ. ಸುಮ್ಮನೆ ನೋಡು, ವೀಣಾಗೆ ಹುರಿಯಲು ಕಲಿಸುತ್ತಿದ್ದೇನೆ ಎಂದಿದ್ದೆ.

ಮೆಂತ್ಯ ಸದ್ದು ಮಾಡತೊಡಗಿತು. ನಾನು ಕಣ್ಣು ಮುಚ್ಚಿ ನಿಂತೆ. ಹಸಿ ವಾಸನೆ ಹೋಯಿತು. ಸ್ವಲ್ಪ ಬಿಸಿಯ ವಾಸನೆ ಬಂತು. ಆಮೇಲೆ ಅದು ಬಂತು, ಕಹಿಗೆ ತಿರುಗುವ ಮುಂಚಿನ ಆ ಒಂದು ಪರಿಮಳ, ಮೊದಲಿನಷ್ಟು ದಟ್ಟವಾಗಿ ಅಲ್ಲ, ಆದರೆ ಅದೇ.

"ಇಳಿಸು."

"ಇನ್ನೂ ಕೆಂಪಾಗ್ಲಿಲ್ಲ ಅಕ್ಕ."

"ಇಳಿಸು."

ವೀಣಾ ಇಳಿಸಿದಳು. ಒಂದು ಕಾಳನ್ನು ಬಾಯಿಗೆ ಹಾಕಿ ಕಡಿದು, ಇನ್ನೊಂದನ್ನು ತೆಗೆದುಕೊಂಡಳು. ಚಾವಣಿಯ ಡಬ್ಬಿ ಸುಮ್ಮನಿತ್ತು. ಫೋನಿನಲ್ಲಿ ಗಿರಿಜ ಮೂಗೊರೆಸಿಕೊಂಡಳು, ಅವಳ ಎಂದಿನ ನೆಗಡಿ ಎಂದುಕೊಂಡೆ.

"ಮೂಗು ಬಂತಾ ಅಕ್ಕ?"

ನಾನು ಬೆಚ್ಚಿದೆ. "ನಿಂಗೆ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಜ್ವರ ಬಂದ ಮೇಲೆ ನೀವು ಒಂದು ಸಲವೂ ಪರಿಮಳ ಹೇಗುಂಟು ಅಂತ ಕೇಳ್ಲಿಲ್ಲ. ಆಗ್ಲೇ ಗೊತ್ತಾಯ್ತು. ನೀವಾಗಿ ಹೇಳ್ಲಿಲ್ಲ, ಹಾಗೆ ನಾನೂ ಕೇಳ್ಲಿಲ್ಲ."

ಪ್ರಕಾಶ್ ಟವೆಲನ್ನು ಮಡಚಿ ಕೊಕ್ಕೆಗೆ ಹಾಕಿದರು.

"ಬಂತು," ಎಂದೆ. "ಈಗ ಹೇಳು, ಪರಿಮಳ ಹೇಗುಂಟು?"